ಗೊರಕೆಗೊಂದು ಬ್ಯಾಟರಿ

ಒಬ್ಬ ಮನುಷ್ಯನ ವಿಷಯದಲ್ಲಿ ಅವನೊಬ್ಬನನ್ನು ಬಿಟ್ಟು ಇಡೀ ಬೀದಿಗೆ ಗೊತ್ತಿರುವ ಸಂಗತಿ ಏನಾದರೂ ಇದ್ದರೆ ಅದು ಅವನ ಗೊರಕೆ. ಮಿಕ್ಕ ಚಟಗಳನ್ನು ಹೇಗೋ ಮುಚ್ಚಿಕೊಳ್ಳಬಹುದು. ಬೀಡಿ ಸೇದಿದವನು ಏಲಕ್ಕಿ ಅಗಿದುಕೊಂಡು ಮನೆಗೆ ಬರುತ್ತಾನೆ, ಸಕ್ಕರೆ ಕಾಯಿಲೆಯವನು ಜಿಲೇಬಿ ತಿಂದು ಮೀಸೆ ಒರೆಸಿಕೊಳ್ಳುತ್ತಾನೆ. ಗೊರಕೆಯವನಿಗೆ ಆ ಅನುಕೂಲವಿಲ್ಲ. ಅಪರಾಧ ನಡೆಯುವ ಹೊತ್ತಿಗೆ ಅವನು ಸ್ಥಳದಲ್ಲೇ ಇರುತ್ತಾನೆ, ಆದರೆ ಹಾಜರಿರುವುದಿಲ್ಲ. ಅವನ ಗೈರುಹಾಜರಿಯಲ್ಲೇ ವಿಚಾರಣೆ ನಡೆದು ತೀರ್ಪೂ ಬಂದಿರುತ್ತದೆ. ಮದುವೆಯಾಗಿ ಬಹಳ ವರ್ಷ ನಾನು ಗೊರಕೆ ಹೊಡೆಯುವವನೇ ಅಲ್ಲವೆಂದು ವಾದಿಸುತ್ತಿದ್ದೆ. ಕೊನೆಗೊಂದು ದಿನ ನನ್ನ ಹೆಂಡತಿ ಶೈಲಜಾ ಮೊಬೈಲಿನಲ್ಲಿ ಹಿಡಿದಿಟ್ಟು ಕೇಳಿಸಿದಳು. ನಾನು ಗಂಭೀರವಾಗಿ ಆಲಿಸಿ, "ಇದು ಹಿಂದಿನ ಬೀದಿಯ ವರ್ಕ್‌ಶಾಪಿನ ಗ್ರೈಂಡಿಂಗ್ ಮೆಷಿನ್" ಎಂದೆ. "ಗ್ರೈಂಡಿಂಗ್ ಮೆಷಿನ್ ಮಧ್ಯದಲ್ಲಿ 'ಇನ್ನೊಂದು ಚಪಾತಿ ಹಾಕು' ಅನ್ನತ್ತೇನ್ರೀ?" ಎಂದು ಕೇಳಿದಳು. ಮೊಕದ್ದಮೆ ಅಲ್ಲಿಗೆ ಮುಗಿಯಿತು.

ನಾವಿರುವುದು ಹೊಸೂರಿನ ಮೂಕಂಡಪಲ್ಲಿಯಲ್ಲಿ, ಒಂದು ಮಹಡಿ ಮನೆಯಲ್ಲಿ. ಚನ್ನಪಟ್ಟಣದ ಕಡೆಯಿಂದ ಕೆಲಸಕ್ಕೆಂದು ಬಂದು ಇಲ್ಲೇ ಉಳಿದುಕೊಂಡವರು. ನಾನು ಇಲ್ಲಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಶೈಲಜಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ನನಗೆ ಆಗಾಗ ನೈಟ್ ಶಿಫ್ಟ್ ಬೀಳುತ್ತದೆ. ಆ ವಾರವೆಲ್ಲ ಬೆಳಗಿನ ತಿಂಡಿ ತಿಂದು ಮಲಗುತ್ತೇನೆ. ರಾತ್ರಿ ಹೊಡೆಯುವ ಗೊರಕೆಗೆ ಮನೆಯವರಷ್ಟೇ ಕೇಳುಗರು. ಹಗಲಿನ ಗೊರಕೆಗೆ ಸಭೆ ದೊಡ್ಡದು. ಸೊಪ್ಪಿನವಳು, ಗ್ಯಾಸ್ ಸಿಲಿಂಡರ್ ತರುವವನು, ಅಳತೆ ಕೊಡಲು ಬಂದ ಹೆಂಗಸರು ಎಲ್ಲರೂ ಕೇಳಿಸಿಕೊಂಡು ಹೋಗುತ್ತಾರೆ. ಸಭೆಯ ಅಧ್ಯಕ್ಷೆ ಕೆಳಗಿನ ಮನೆಯ ಮುನಿರತ್ನಮ್ಮ, ನಮ್ಮ ಮನೆಯ ಓನರ್. ಈಗ ನಮ್ಮ ಮನೆಸಾಲು ಇರುವ ಜಾಗ ಒಂದು ಕಾಲಕ್ಕೆ ಅವರ ರಾಗಿ ಹೊಲ. ನಮ್ಮೊಂದಿಗೆ ಕನ್ನಡ, ಸೊಸೆಯೊಂದಿಗೆ ತೆಲುಗು, ಬೀದಿಯವರೊಂದಿಗೆ ತಮಿಳು ಮಾತನಾಡುತ್ತಾರೆ. ಗದರಿಸುವ ಸ್ವರ ಮಾತ್ರ ಮೂರು ಭಾಷೆಗೂ ಒಂದೇ. ಮಗ ಸೊಸೆ ಇಬ್ಬರೂ ಬೆಳಿಗ್ಗೆಯೇ ಕೆಲಸಕ್ಕೆ ಹೊರಟುಬಿಡುವುದರಿಂದ ಹಗಲೆಲ್ಲ ಕೆಳಗೆ ಅವರು, ಮೇಲೆ ನಾನು.

ಗೊರಕೆ ಬರೀ ಗೊರಕೆಯಲ್ಲ, ಕಾಯಿಲೆ ಎಂದು ತಿಳಿದದ್ದು ಡಾಕ್ಟರ ಹತ್ತಿರ ಹೋದ ಮೇಲೆ. ಹೋಗಿದ್ದು ತಲೆನೋವಿಗೆಂದು. ಅವರು ನನ್ನ ಕತ್ತಿನ ಸುತ್ತಳತೆ ನೋಡಿ, ಶೈಲಜಾಳ ಕಡೆ ತಿರುಗಿ, "ಇವರ ಗೊರಕೆಯಿಂದ ನಿಮಗೆ ತೊಂದರೆ ಆಗತ್ತಾ ಅಮ್ಮ?" ಎಂದರು. ಇನ್ನೇನು ಇಷ್ಟು ವರ್ಷಗಳ ದೂರೆಲ್ಲ ಹೊರಬಿತ್ತು ಎಂದು ನಾನು ನೆಲ ನೋಡುತ್ತ ಕುಳಿತೆ. ಅವಳು ಹೇಳಿದ್ದೇ ಬೇರೆ. "ಗೊರಕೆ ತೊಂದರೆ ಇಲ್ಲ ಡಾಕ್ಟ್ರೇ. ಅದು ನಿಲ್ಲುತ್ತಲ್ಲ, ಅದೇ ತೊಂದರೆ. ಹೊಡೀತಾ ಹೊಡೀತಾ ಇದ್ದಕ್ಕಿದ್ದ ಹಾಗೆ ನಿಂತುಹೋಗತ್ತೆ. ಮತ್ತೆ ಶುರುವಾಗೋ ತನಕ ನಾನೂ ಉಸಿರು ಬಿಗಿಹಿಡ್ಕೊಂಡು ಕೂತಿರ್ತೀನಿ." ಇದನ್ನು ಅವಳು ನನಗೆ ಎಂದೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಪರೀಕ್ಷೆಯಲ್ಲಿ ಅವಳು ಹೇಳಿದ್ದೇ ನಿಜವಾಯಿತು. ನಿದ್ದೆಯಲ್ಲಿ ನನ್ನ ಗಂಟಲು ಮುಚ್ಚಿಕೊಂಡು ಉಸಿರೇ ನಿಲ್ಲುತ್ತಿತ್ತಂತೆ. ಮೂಗಿಗೆ ಮಾಸ್ಕ್ ಹಾಕಿ, ಒಂದು ಪುಟ್ಟ ಯಂತ್ರದಿಂದ ಕೊಳವೆಯಲ್ಲಿ ಗಾಳಿ ಒತ್ತಿ ಗಂಟಲು ತೆರೆದಿಡಬೇಕು. ಇನ್ನು ಮೇಲೆ ಇದಿಲ್ಲದೆ ಒಂದು ಕೋಳಿನಿದ್ದೆಯನ್ನೂ ಮಾಡಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು.

ಯಂತ್ರ ಬಂತು, ಗೊರಕೆ ಹೋಯಿತು. ಬೀದಿಗೆ ಈ ನಿಶ್ಶಬ್ದ ಒಗ್ಗಲಿಲ್ಲ. ಮೊದಲ ವಾರವೇ ಮುನಿರತ್ನಮ್ಮ ಏನೋ ಅನುಮಾನ ಬಂದು ಮೇಲೆ ಹತ್ತಿ ಬಂದರು. ಕೊಳವೆ ಹಾಕಿಕೊಂಡು ಅಂಗಾತ ಮಲಗಿದ್ದ ನನ್ನನ್ನು ಬಾಗಿಲಿಂದಲೇ ನೋಡಿ ಬಾಯಿ ಬಡಿದುಕೊಂಡರಂತೆ. "ಅಯ್ಯೋ ನನ್ ಶಿವ್ನೆ! ಸಾರ್‌ಗೆ ಏನಾಗೋಯ್ತು ಶೈಲಮ್ಮ? ಆಸ್ಪತ್ರೆಗೆ ಸೇರ್ಸ್ದೆ ಹಿಂಗ್ ಮನೇಲೇ ಮಡೀಕಂಡಿದ್ದೀಯಲ್ಲವ್ವಾ!" ಶೈಲಜಾ ಎಲ್ಲವನ್ನೂ ವಿವರಿಸಿದಳು. ಅವರು ಪೂರ್ತಿ ಕೇಳಿಸಿಕೊಂಡು, "ಗೊರ್ಕೆಗೂ ಒಂದ್ ಮಿಷನ್ನಾ! ನಮ್ ಕಾಲ್ದಾಗೆ ಒಂದ್ ಸಲ ತಿವುದ್ರೆ ಆ ಮಗ್ಗುಲಿಗೆ ಹೊಳ್ಳಿಕಂಡು ಸುಮ್ಕಾಗೋರು" ಎಂದು ಹೇಳಿ ಇಳಿದು ಹೋದರು.

ಹೀಗೆ ಎಲ್ಲ ಸುಖವಾಗಿರುವಾಗ ಶಟ್‌ಡೌನ್ ಬಂತು. ನಮ್ಮ ಕಡೆ ಲೈನ್ ರಿಪೇರಿಗೆಂದು ಆಗಾಗ ಒಂದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೂ ಕರೆಂಟ್ ತೆಗೆಯುತ್ತಾರೆ. ಅದು ನೈಟ್ ಶಿಫ್ಟ್ ವಾರ. ನಾನು ಮಲಗಿ ಸ್ವಲ್ಪ ಹೊತ್ತಿಗೆ ಯಂತ್ರ ನಿಂತಿತು. ನಿದ್ದೆಗಣ್ಣಿನಲ್ಲೇ ಮಾಸ್ಕ್ ಕಿತ್ತೆಸೆದು, ತಡೆದಿಟ್ಟ ಗೊರಕೆಯನ್ನೆಲ್ಲ ಒಟ್ಟಿಗೆ ಬಿಟ್ಟೆನಂತೆ. ಎದ್ದು ನೋಡಿದರೆ ಶೈಲಜಾ ಹೊಲಿಗೆ ಬಿಟ್ಟು ನನ್ನ ತಲೆದಿಂಬಿನ ಪಕ್ಕ ಕುಳಿತಿದ್ದಳು. ಕೈಯಲ್ಲಿ ಬಟ್ಟೆ ಅಳೆಯುವ ಮರದ ಸ್ಕೇಲು. ಅದರಿಂದ ನನ್ನನ್ನು ಆಗಾಗ ತಿವಿಯುತ್ತಿದ್ದಳೆಂದು ಕಾಣುತ್ತದೆ. ಸಂಜೆ ಕೆಳಗಿಳಿದಾಗ ಮುನಿರತ್ನಮ್ಮ ಅವರೆಕಾಯಿ ಸುಲಿಯುತ್ತ, "ಕರೆಂಟು ಹೋಯ್ತಾ ಇಲ್ವಾ ಅಂತ ಇನ್ಮೇಕೆ ನಾನು ಫ್ಯಾನ್ ನೋಡಾಕಿಲ್ಲ ಸಾರ್. ನಿಮ್ ಗೊರ್ಕೆ ಕೇಳುದ್ರೆ ಹೋಯ್ತು ಅಂತ, ನಿಂತ್ರೆ ಬಂತು ಅಂತ" ಎಂದರು. ನಾನು ನಕ್ಕೆ. ಶೈಲಜಾ ನಗಲಿಲ್ಲ. "ನಾಳೇನೇ ಏನಾದ್ರೂ ಬ್ಯಾಟರಿ ವ್ಯವಸ್ಥೆ ಮಾಡಿ. ಇನ್ನೊಂದು ಸಲ ಹೀಗೆ ಕೂತಿರೋಕೆ ನನ್ನ ಕೈಲಿ ಆಗಲ್ಲ" ಎಂದಳು.

"ಇಷ್ಟೇ ತಾನೆ?" ಎಂದೆ. ಈ ಎರಡು ಪದಗಳನ್ನು ನಾನು ಎಲ್ಲೆಲ್ಲಿ ಆಡಿದ್ದೇನೋ ಅಲ್ಲೆಲ್ಲ ಪೆಟ್ಟು ತಿಂದಿದ್ದೇನೆ. ಒಮ್ಮೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ ಎಂದಾಗಲೂ ಹೀಗೇ ಅಂದಿದ್ದೆ; ಆಮೇಲೆ ಮೂರು ಮನೆಯ ನೀರು ನಿಲ್ಲಿಸಬೇಕಾಯಿತು. ಆದರೂ ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಯಂತ್ರಗಳ ನಡುವೆ ಓಡಾಡುವವನು ಒಂದು ಬ್ಯಾಟರಿಗೆ ಹೆದರುವುದುಂಟೆ? ಕ್ಯಾಂಟೀನಿನಲ್ಲಿ ನನ್ನ ಸಹೋದ್ಯೋಗಿ ಪೆರುಮಾಳನಿಗೆ ವಿಷಯ ಹೇಳಿದೆ. ಅವನಿಗೆ ಗೊತ್ತಿಲ್ಲದ ವಿಷಯ ಪ್ರಪಂಚದಲ್ಲಿಲ್ಲ. "ರೊಂಬ ಈಸಿ ಸಾರ್. ಕಂಪ್ಯೂಟರ್‌ಗೆ ಹಾಕ್ತಾರಲ್ಲ, ಆ ಯುಪಿಎಸ್ ತಗೊಳ್ಳಿ. ಕಂಪ್ಯೂಟರೇ ಓಡತ್ತೆ, ನಿಮ್ಮ ಮೂಗು ಓಡಲ್ವಾ?" ಎಂದ. ತರ್ಕ ಸರಿಯಾಗಿ ಕಂಡಿತು. ಅದೇ ಸಂಜೆ ಕೊಂಡು ತಂದೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಆರುನೂರು ವಿ.ಎ. ಎಂದು ಬರೆದಿತ್ತು. ಅದನ್ನು ಶೈಲಜಾಳಿಗೆ ತೋರಿಸಿ, "ನೋಡು, ಆರುನೂರು!" ಎಂದೆ. "ಆರುನೂರು ಏನು? ನಿಮಿಷಾನಾ?" ಎಂದಳು. "ವಿ.ಎ." ಎಂದೆ. "ಹಾಗಂದ್ರೆ?" ಎಂದಳು. "ನಿನಗೆ ಹೇಳಿದರೆ ಅರ್ಥವಾಗುವುದಿಲ್ಲ" ಎಂದೆ. ತನಗೇ ಅರ್ಥವಾಗದ್ದನ್ನು ದಾಟಿಸಲು ಗಂಡಸರು ಕಂಡುಕೊಂಡಿರುವ ಬಹಳ ಹಳೆಯ ಸೇತುವೆ ಇದು.

ಮುಂದಿನ ಸಲ ಕರೆಂಟ್ ಹೋದಾಗ ನಾನು ಮಲಗಿದ್ದೆ. ಯುಪಿಎಸ್ ತನ್ನ ಕರ್ತವ್ಯ ಮಾಡಿತು. ಗಾಳಿ ಒಂದು ಕ್ಷಣವೂ ತಪ್ಪಲಿಲ್ಲ. ಆದರೆ ಅದು ಮಾಡುತ್ತಿರುವ ಕರ್ತವ್ಯವನ್ನು ಊರಿಗೆಲ್ಲ ಸಾರಬೇಕೆಂಬ ಹಟವೂ ಅದಕ್ಕಿತ್ತು. ಕೀಂ, ಕೀಂ ಎಂದು ತಡೆತಡೆದು ಕೂಗತೊಡಗಿತು. ಕಂಪ್ಯೂಟರಿನ ಮುಂದೆ ಕೂತವನಿಗೆ, "ಕರೆಂಟ್ ಹೋಗಿದೆ, ಬೇಗ ಕೆಲಸ ಉಳಿಸಿಕೊಂಡು ಮುಚ್ಚಪ್ಪ" ಎಂದು ಎಚ್ಚರಿಸುವುದು ಅದರ ಜಾತಿಧರ್ಮ. ಮಲಗಿದವನನ್ನು ಎಚ್ಚರಿಸಬಾರದು ಎಂದು ಅದಕ್ಕೆ ಯಾರು ಹೇಳಬೇಕು? ಕೆಳಗಿನಿಂದ ಮುನಿರತ್ನಮ್ಮ, "ಯಾವನ್ಲಾ ಅವ್ನು ಲಾರಿ ರಿವರ್ಸ್ ತಕ್ಕಂಡು ಬತ್ತಾವ್ನೆ? ನನ್ ಕಾಂಪೌಂಡಿಗೆ ಗುದ್ದೀಯ ಕಣ್ಲಾ!" ಎಂದು ಕೂಗುತ್ತ ಗೇಟಿಗೆ ಓಡಿದರು. ಇಲ್ಲದ ಲಾರಿಯನ್ನು ಹುಡುಕಿ ಬೀದಿಯ ಎರಡೂ ತುದಿ ನೋಡಿ ಬಂದರು. ಕಾಲು ಗಂಟೆಯಾಗುವುದರೊಳಗೆ ಕೂಗು ಉದ್ದವಾಗಿ, ಅಳುವಾಗಿ, ಆರುನೂರು ವಿ.ಎ.ಯೂ ಮುಗಿದು ಯಂತ್ರ ನಿಂತಿತು. ನಾನು ಹಾಸಿಗೆಯ ಮೇಲೆ ಎದ್ದು ಕುಳಿತೆ. ಶೈಲಜಾ, "ಆರುನೂರು ಏನು ಅಂತ ಈಗ ಗೊತ್ತಾಯ್ತು ಬಿಡಿ" ಎಂದಳು.

ಅವಳಿಗೆ ನಿಜವಾಗಿಯೂ ಗೊತ್ತಾಗತೊಡಗಿತ್ತು. ಯಂತ್ರವನ್ನು ತಲೆಕೆಳಗು ಮಾಡಿ ಚೀಟಿ ಓದಿದಳು, ಅದರ ಜೊತೆ ಬಂದ ಪುಸ್ತಿಕೆ ಓದಿದಳು, ಯಂತ್ರ ಕೊಟ್ಟವರಿಗೆ ಫೋನ್ ಮಾಡಿದಳು. ಆಮೇಲೆ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದಳು. ವಿ.ಎ., ವ್ಯಾಟ್ ಎಲ್ಲ ಬಿಂದಿಗೆಯ ಬಾಯಿ ಇದ್ದ ಹಾಗೆ. ಒಂದೇ ಸಲಕ್ಕೆ ಎಷ್ಟು ಸುರಿಯಬಹುದು ಎಂದು ಹೇಳುತ್ತದೆ. ಎಷ್ಟು ಹೊತ್ತು ಸುರಿಯಬಹುದು ಎನ್ನುವುದು ಬಿಂದಿಗೆಯ ಹೊಟ್ಟೆಗೆ, ಅಂದರೆ ಬ್ಯಾಟರಿಗೆ ಸೇರಿದ್ದು. ನಾನು ಬಾಯಿ ದೊಡ್ಡದು, ಹೊಟ್ಟೆ ಚಿಕ್ಕದು ಇರುವ ಬಿಂದಿಗೆಯನ್ನು ತಂದಿದ್ದೆ. "ನಿಮಗೆ ಯಾಕೆ ಇಷ್ಟವಾಯ್ತು ಅಂತ ಅರ್ಥವಾಗತ್ತೆ, ಬಾಯಿ ದೊಡ್ಡದಲ್ವಾ" ಎಂದಳು. ಇನ್ನೂ ಒಂದು ಸಂಗತಿ ಹೊರಬಿತ್ತು. ಮೂಗು ಒಣಗದಿರಲೆಂದು ಯಂತ್ರದಲ್ಲೊಂದು ನೀರಿನ ಡಬ್ಬಿಯಿದೆ, ಅದನ್ನು ಬೆಚ್ಚಗೆ ಮಾಡಲು ಒಂದು ಹೀಟರ್ ಇದೆ. ಗಾಳಿ ಊದುವುದಕ್ಕೆ ಬೇಕಾಗುವ ಕರೆಂಟ್ ಅಷ್ಟಕ್ಕಷ್ಟೆ. ಮುಕ್ಕಾಲು ಪಾಲು ತಿನ್ನುವುದು ಈ ಹೀಟರ್. ಅದನ್ನು ಆರಿಸಿ ನೋಡಿದೆವು. ಅದೇ ಯುಪಿಎಸ್ ಮುಕ್ಕಾಲು ಗಂಟೆ ಎಳೆಯಿತು, ನನ್ನ ಮೂಗು ಒಣಗಿ ಹಪ್ಪಳವಾಯಿತು, ಕೀಂ ಕೀಂ ಮಾತ್ರ ಹಾಗೇ ಇತ್ತು. ಶಟ್‌ಡೌನ್ ಇಡೀ ಹಗಲಿನದು. ಯುಪಿಎಸ್ ಪೆರುಮಾಳನ ಮನೆಯ ಕಂಪ್ಯೂಟರಿಗೆ ಹೋಯಿತು. ಅವನು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಸಲಹೆ ಕೊಟ್ಟಿದ್ದನೋ ಏನೋ, ಬೇಡವೆನ್ನಲಿಲ್ಲ.

ಈ ಸಲ ಇಬ್ಬರೂ ಹೊಸೂರಿನ ಇನ್ವರ್ಟರ್ ಅಂಗಡಿಗೆ ಹೋದೆವು. ಅಂಗಡಿಯವರು ಒಂದೇ ವಾಕ್ಯದಲ್ಲಿ ತಮಿಳನ್ನೂ ಕನ್ನಡವನ್ನೂ ಜಗಳವಿಲ್ಲದಂತೆ ಕೂರಿಸುವವರು. "ಎನ್ನ ಲೋಡ್ ಸಾರ್? ಎಷ್ಟು ಫ್ಯಾನು, ಎಷ್ಟು ಲೈಟು?" ಎಂದು ಕೇಳಿದರು. "ಫ್ಯಾನ್ ಅಲ್ಲ, ನಾನು" ಎಂದೆ. "ನೀಂಗಳಾ?" ಎಂದು ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ನಾನು ಎಷ್ಟು ವ್ಯಾಟ್ ಇರಬಹುದೆಂದು ಅಂದಾಜು ಮಾಡುವವರ ಹಾಗೆ. ಶೈಲಜಾ ನನ್ನನ್ನು ಪಕ್ಕಕ್ಕೆ ಸರಿಸಿ ಪ್ರಶ್ನೆಗಳನ್ನು ಶುರುಮಾಡಿದಳು. ಅಗ್ಗದ್ದಕ್ಕೂ ದುಬಾರಿಯದಕ್ಕೂ ಏನು ವ್ಯತ್ಯಾಸ? ಅಗ್ಗದ್ದು ಸ್ಕ್ವೇರ್ ವೇವ್, ಕರೆಂಟ್ ಒರಟಾಗಿ ಬರುತ್ತದೆ, ಫ್ಯಾನು ಗುಂಯ್ ಅನ್ನುತ್ತದೆ, ನಾಜೂಕಿನ ಯಂತ್ರಗಳಿಗೆ ಒಳ್ಳೆಯದಲ್ಲ. ಇನ್ನೊಂದು ಸೈನ್ ವೇವ್, ಲೈನ್ ಕರೆಂಟಿನ ಹಾಗೇ ನುಣ್ಣಗೆ ಬರುತ್ತದೆ. ಬ್ಯಾಟರಿ ಯಾವುದು? ಟ್ಯೂಬುಲರ್ ಆದರೆ ಆಗಾಗ ನೀರು ನೋಡಿಕೊಂಡರೆ ಬಹಳ ವರ್ಷ ಬರುತ್ತದೆ. ಲಿಥಿಯಂ ಆದರೆ ನೀರಿನ ಗೊಡವೆಯಿಲ್ಲ, ಬೆಲೆ ಕೇಳಿದರೆ ಗಂಟಲಲ್ಲೇ ನೀರು ಆರುತ್ತದೆ. ಕೊನೆಗೆ ಅವಳು, "ಇದು ಕೂಗತ್ತಾ?" ಎಂದು ಕೇಳಿದಳು. ಅಂಗಡಿಯವರು ಬಹಳ ಕಾಲದಿಂದ ವ್ಯಾಪಾರ ಮಾಡುತ್ತಿದ್ದರೂ ಈ ಪ್ರಶ್ನೆ ಹೊಸದಾಗಿತ್ತೇನೋ. "ಕೂಗಲ್ಲಮ್ಮ, ಕವಲೈ ಪಡಾದೀಂಗ. ಲೋಡ್ ಜಾಸ್ತಿ ಆದರೆ ಮಾತ್ರ ಒಂದು ಸದ್ದು ಮಾಡಿ ಆಫ್ ಆಗತ್ತೆ" ಎಂದರು. ಚಿಂತೆ ಬೇಡ ಎಂದದ್ದನ್ನು ಕೇಳಿಸಿಕೊಂಡೆವು, ಮುಂದಿನದನ್ನು ಬಿಟ್ಟೆವು. ಸೈನ್ ವೇವ್ ಇನ್ವರ್ಟರ್, ಟ್ಯೂಬುಲರ್ ಬ್ಯಾಟರಿ ಮನೆಗೆ ಬಂದವು.

ಮೆಟ್ಟಿಲ ಬುಡದಲ್ಲಿ ಮುನಿರತ್ನಮ್ಮ ಅಡ್ಡ ನಿಂತಿದ್ದರು. "ಆಸಿಡ್ಡು ಕಣ್ ಸಾರ್ ಅದು! ಹೊಸಾ ಟೈಲ್ಸು! ನನ್ ಮಗ ಬೈಯ್ತಾನೆ." ಕೆಳಗೆ ಪ್ಲಾಸ್ಟಿಕ್ ತಟ್ಟೆ ಇಡುತ್ತೇವೆ, ಒಂದು ಹನಿಯೂ ಬೀಳುವುದಿಲ್ಲ ಎಂದು ಬೇಡಿಕೊಂಡೆವು. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಆಗ್ಲಿ. ಹಂಗಾರೆ ಕೆಳೀಕೂ ಒಂದ್ ವೈರ್ ಬುಟ್ಬುಡಿ. ಒಂದ್ ಫ್ಯಾನು, ಅಷ್ಟೇಯ. ಶಟ್‌ಡೌನ್ ದಿನ ಬೆಂದೋಯ್ತೀನಿ" ಎಂದರು. ಒಂದು ಫ್ಯಾನ್ ತಾನೆ ಎಂದು ಒಪ್ಪಿಕೊಂಡೆ. ಬ್ಯಾಟರಿ ಕೂರಿಸಿದ ಕೂಡಲೇ ಅವರೇ ಬಂದು ಅದಕ್ಕೆ ಅರಿಶಿನ ಕುಂಕುಮವಿಟ್ಟು ಕಾಯಿ ಒಡೆದರು. ಅದಕ್ಕೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು, ನಲ್ಲಿ ನೀರು ಆಗದು ಎಂದು ಕೆಲಸದವರು ಹೇಳಿದಾಗ, ಕೈಯಲ್ಲಿದ್ದ ಹೋಳನ್ನು ನೋಡಿ, "ಕಾಯ್ ನೀರಾಯ್ತದಾ?" ಎಂದು ಕೇಳಿದರು.

ಮುಂದಿನ ಶಟ್‌ಡೌನ್ ದಿನ ನಾನು ನೈಟ್ ಶಿಫ್ಟ್ ಮುಗಿಸಿ ಬಂದು, ರಾಜನ ಹಾಗೆ ಮಾಸ್ಕ್ ಧರಿಸಿ ಮಲಗಿದೆ. ಕರೆಂಟ್ ಹೋದದ್ದೂ ಗೊತ್ತಾಗಲಿಲ್ಲ. ಅದೆಂಥ ನಿದ್ದೆ! ಆದರೆ ಕೆಳಗೆ ಒಂದು ಫ್ಯಾನ್ ಬಾಲ ಬೆಳೆಸುತ್ತಿತ್ತು. ಫ್ಯಾನ್ ತಿರುಗುತ್ತಿದ್ದರೆ ಟಿವಿಯೂ ನಡೆಯುತ್ತದಲ್ಲ ಎಂದು ಟಿವಿ ಬಂತು. ಟಿವಿ ನಡೆದರೆ ಫ್ರಿಜ್ ಯಾಕೆ ಸುಮ್ಮನಿರಬೇಕು ಎಂದು ಫ್ರಿಜ್ ಬಂತು. ಮಧ್ಯಾಹ್ನದ ಊಟಕ್ಕೆ ಟೊಮೆಟೊ ಚಟ್ನಿ ಆಗಬೇಕೆಂದು ಮಿಕ್ಸಿಯನ್ನೂ ಸಿಕ್ಕಿಸಿ ತಿರುಗಿಸಿದರು. ಇನ್ವರ್ಟರ್ ಒಂದು ಸಲ ಚೀರಿ ಕಣ್ಣು ಮುಚ್ಚಿತು. ನಾನು ಉಸಿರುಗಟ್ಟಿ ಎದ್ದು ಕುಳಿತೆ. ಶೈಲಜಾ ಹೋಗಿ ಅದನ್ನು ಮತ್ತೆ ಆನ್ ಮಾಡಿ, ಕೆಳಗಿಳಿದು ಮಿಕ್ಸಿ ಬೇಡವೆಂದು ಹೇಳಿ ಬಂದಳು. ಚಟ್ನಿ ಇನ್ನೂ ತರಿತರಿಯಾಗಿತ್ತೆಂದು ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಚೀರಿತು. ಈಗ ನನಗೆ ಸಿಟ್ಟು ನೆತ್ತಿಗೇರಿತು. "ಆ ವೈರನ್ನ ಇವತ್ತೇ ಕಿತ್ತುಹಾಕ್ತೀನಿ. ಮನೆ ಬಿಡಿ ಅಂದರೂ ಸರಿ. ಅವಲಪಲ್ಲಿ ಕಡೆ ಬೇಕಾದಷ್ಟು ಮನೆ ಇವೆ" ಎಂದು ಕೂಗಾಡಿದೆ. "ನೀವು ಮಲ್ಕೊಳ್ಳಿ, ಊಟ ಮುಗೀಲಿ, ನಾನೇ ಹೋಗಿ ಖಂಡಿತವಾಗಿ ಹೇಳಿ ಬರ್ತೀನಿ" ಎಂದು ಶೈಲಜಾ ಸಮಾಧಾನ ಮಾಡಿದಳು.

ಊಟದ ಹೊತ್ತು ಕಳೆದ ಮೇಲೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಜಗಳದ ಸದ್ದೂ ಕೇಳಿಸಲಿಲ್ಲ. ನಾನೇ ಇಳಿದು ಹೋದೆ. ಮುನಿರತ್ನಮ್ಮ ನಮ್ಮ ಇನ್ವರ್ಟರಿನ ಫ್ಯಾನಿನ ಕೆಳಗೆ, ಚಾಪೆಯ ಮೇಲೆ ಮಲಗಿದ್ದರು. ಗೊರಕೆ ನಡೆದಿತ್ತು. ಎಂಥ ಗೊರಕೆ! ನನ್ನದು ಗ್ರೈಂಡಿಂಗ್ ಮೆಷಿನ್ ಆದರೆ ಇದು ಕಲ್ಲು ಕ್ವಾರಿ. ಶೈಲಜಾ ಹೊಸಿಲ ಮೇಲೆ ಕುಳಿತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ತಡೆದಳು. ಅಷ್ಟರಲ್ಲಿ ಗೊರಕೆ ನಿಂತಿತು. ಪೂರಾ ನಿಂತಿತು. ಎದೆ ಏಳುತ್ತಿಲ್ಲ, ಇಳಿಯುತ್ತಿಲ್ಲ. ಫ್ಯಾನಿನ ಸದ್ದು ಮಾತ್ರ. ನೋಡುತ್ತ ನೋಡುತ್ತ ನನಗೂ ಉಸಿರಾಡಲು ಮರೆತುಹೋಯಿತು. ಆಮೇಲೆ ಅವರು ನೀರಿನಿಂದ ಮೇಲೆದ್ದವರ ಹಾಗೆ ಹಾ ಎಂದು ಉಸಿರೆಳೆದುಕೊಂಡು, ಪಕ್ಕಕ್ಕೆ ಹೊರಳಿ, ಮತ್ತೆ ಕ್ವಾರಿ ಶುರು ಮಾಡಿದರು. "ನೋಡಿದ್ರಾ? ನೀವೂ ಹೀಗೇ. ಇದನ್ನೇ ನಾನು ನೋಡ್ಕೊಂಡು ಕೂತಿರ್ತಿದ್ದೆ" ಎಂದಳು ಶೈಲಜಾ ಮೆಲ್ಲಗೆ. ವೈರಿನ ವಿಷಯ ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ಅವರನ್ನು ಡಾಕ್ಟರ ಹತ್ತಿರ ಹೊರಡಿಸಿದ್ದು ಬ್ಯಾಟರಿ ಆರಿಸಿದ್ದಕ್ಕಿಂತ ಕಷ್ಟವಾಯಿತು. "ನಾನಾ? ಗೊರ್ಕೆಯಾ? ನಮ್ ವಂಸ್ದಾಗೇ ಇಲ್ಲ ಸಾರ್ ಅದು!" ಎಂದು ನನ್ನ ಹಳೆಯ ವಾದವನ್ನೇ ನನಗಿಂತ ಜೋರಾಗಿ ಮಂಡಿಸಿದರು. ಶೈಲಜಾ ಮೊಬೈಲ್ ತೆಗೆದು ಕೇಳಿಸಿದಳು. "ಇದು ಸಾರ್‌ದೇಯ" ಎಂದರು. ಕೊನೆಗೆ ಮಗ ಸೊಸೆಗೆ ಹೇಳಿ, ಎಲ್ಲರೂ ಸೇರಿ ಒಪ್ಪಿಸಿದೆವು. ಅವರ ಮನಸ್ಸು ಬದಲಾಗುವ ಮೊದಲೇ ನಾನೇ ಓಡಿಹೋಗಿ ಆಟೋ ತಂದೆ. ಪರೀಕ್ಷೆಯಾಯಿತು, ನನಗಿಂತ ಮೇಲಿನ ದರ್ಜೆಯಲ್ಲಿ ಪಾಸಾದರು. ಅವರಿಗೂ ಒಂದು ಯಂತ್ರ ಬಂತು. ಈಗ ಶಟ್‌ಡೌನ್ ದಿನ ಅವರು ಊಟವಾದ ಮೇಲೆ ಒಂದು ಗಳಿಗೆ ಅಡ್ಡಾದರೆ, ನಮ್ಮ ಬ್ಯಾಟರಿಯ ಮೇಲೆ ಮೇಲೊಂದು ಕೆಳಗೊಂದು, ಎರಡು ಮೂಗುಗಳು ಉಸಿರಾಡುತ್ತವೆ. ಆ ದಿನ ಫ್ರಿಜ್ಜಿಗೂ ಟಿವಿಗೂ ಅವರೇ ರಜಾ ಕೊಡುತ್ತಾರೆ. ಮಿಕ್ಸಿಯಂತೂ ಅಟ್ಟ ಸೇರುತ್ತದೆ, ರಜೆ ಹಾಕಿ ಮನೆಯಲ್ಲಿದ್ದ ಸೊಸೆ ಅಪ್ಪಿತಪ್ಪಿ ಮುಟ್ಟಿದರೆ, "ಸಾರ್ ಉಸ್ರು ನಿಂತೋಯ್ತದೆ, ಮಡುಗೇ!" ಎಂದು ತೆಲುಗನ್ನೂ ಮರೆತು ಕನ್ನಡದಲ್ಲೇ ಗದರುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ನಾನು ಒಂದು ಪುಣ್ಯಕಾರ್ಯ ಮಾಡಿದವನ ಹಾಗೆ ಕಾಲು ಚಾಚಿ ಮಲಗಿರುತ್ತಿದ್ದೆ. ಆದರೆ ನಮ್ಮ ಲೆಕ್ಕಕ್ಕೆ ಸಿಗದ ಒಂದು ಸಂಗತಿಯಿತ್ತು. ಮುನಿರತ್ನಮ್ಮ ಮೊದಲು ಹಗಲೆಲ್ಲ ಕೂತಲ್ಲೇ ತೂಕಡಿಸುತ್ತಿದ್ದರು. ಕಾಳು ಆರಿಸುತ್ತ, ಬೀಗರ ಮನೆಯ ಸುದ್ದಿ ಹೇಳುತ್ತ, ಅರ್ಧ ವಾಕ್ಯದಲ್ಲೇ ಕತ್ತು ವಾಲುತ್ತಿತ್ತು. ಅದು ವಯಸ್ಸೆಂದು ನಾವು ತಿಳಿದಿದ್ದೆವು. ಅದು ವಯಸ್ಸಲ್ಲ, ರಾತ್ರಿಯ ನಿದ್ದೆ ಹಗಲಿಗೆ ಉಳಿದದ್ದು. ಈಗ ಯಂತ್ರ ಹಾಕಿಕೊಂಡು ರಾತ್ರಿಯೆಲ್ಲ ಚೆನ್ನಾಗಿ ಮಲಗಿ, ಕೋಳಿಗಿಂತ ಮೊದಲೆದ್ದು, ಪೂರ್ತಿ ಚಾರ್ಜಾಗಿರುತ್ತಾರೆ. ಒಂದು ವಾಕ್ಯವೂ ಅರ್ಧಕ್ಕೆ ನಿಲ್ಲುವುದಿಲ್ಲ. ಬೇರಿಕೆಯಲ್ಲಿರುವ ತಂಗಿಗೆ ಸ್ಪೀಕರ್ ಹಾಕಿ ಫೋನ್ ಮಾಡುತ್ತಾರೆ, ಸೊಪ್ಪಿನವಳೊಂದಿಗೆ ಚೌಕಾಸಿ ಮಾಡುತ್ತಾರೆ, ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ತಮ್ಮ ಮಾಸ್ಕಿನ ಮಹಿಮೆ ಹೇಳುತ್ತಾರೆ. ಎಲ್ಲವೂ ಸರಿಯಾಗಿ ನನ್ನ ಕಿಟಕಿಯ ಕೆಳಗೆ. ಮೊನ್ನೆ ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದವನು ಮಧ್ಯಾಹ್ನದವರೆಗೂ ಹೊರಳಾಡಿದೆ. ಕರೆಂಟ್ ಇತ್ತು, ಬ್ಯಾಟರಿ ತುಂಬಿತ್ತು, ಯಂತ್ರ ಗಾಳಿ ಊದುತ್ತಿತ್ತು, ನಿದ್ದೆ ಮಾತ್ರ ಇರಲಿಲ್ಲ. ಕೆಳಗಿನ ಧ್ವನಿಯ ಕಡೆ ಕೈ ತೋರಿಸಿ ಶೈಲಜಾಳ ಮುಖ ನೋಡಿದೆ. ಅವಳು ಗುಂಡಿ ಹೊಲಿಯುತ್ತಿದ್ದವಳು ತಲೆಯೆತ್ತದೆ, "ಕರ್ಕೊಂಡು ಹೋಗೋಣ ಅಂದಾಗ ಆಟೋ ತಂದವರು ಯಾರು?" ಎಂದಳು. ತಕ್ಕ ಉತ್ತರ ನನ್ನಲ್ಲಿತ್ತು. ಆದರೆ ಮೂಗಿಗೆ ಮಾಸ್ಕ್ ಹಾಕಿಕೊಂಡವನು ಬಾಯಿ ತೆರೆದರೆ ಒಳಗಿನ ಗಾಳಿಯೆಲ್ಲ ಹೊರಗೆ ನುಗ್ಗುತ್ತದೆಯೇ ಹೊರತು ಮಾತು ಬರುವುದಿಲ್ಲ. ನಾನು "ಬುಸ್" ಎಂದೆ. ಅವಳು ಅದನ್ನು ಒಪ್ಪಿಗೆಯೆಂದು ತಿಳಿದು ಸೂಜಿಗೆ ದಾರ ಪೋಣಿಸಿಕೊಂಡಳು.